ಮರದಿಂದ ಬಿದ್ದ ಗಾಯ

ಸುಧನ್ವನ ಎದೆಗೂಡಿನ ಕೆಳಗಿನಿಂದ ಹೊಕ್ಕುಳ ದಾಟಿ ಇಳಿದ ಒಂದು ಗಾಯದ ಗುರುತಿತ್ತು. ಮದುವೆಯಾದ ಹೊಸತರಲ್ಲಿ ಕೇಳಿದ್ದೆ. "ಹುಣಸೇಮರದಿಂದ ಬಿದ್ದೆ. ಅಲ್ಲಿದ್ದ ದೆವ್ವ ತಳ್ಳಿತು," ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ.

ಆ ಬೆಳಿಗ್ಗೆ ಅವನು ಬಚ್ಚಲಲ್ಲಿ ರಕ್ತ ಕಾರಿಕೊಂಡ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿಂತುಹೋಗಿತ್ತು. ಗಂಟಲಿನಿಂದ ನಳಿಕೆ ಇಳಿಸಿ ನೋಡಿದ ಡಾಕ್ಟರ್ ತಬಸ್ಸುಮ್ ಅವರಿಗೆ ಜಠರದಲ್ಲಿ ಹುಣ್ಣು ಕಾಣಲಿಲ್ಲ. ಕಾಣದಿದ್ದದ್ದೇ ಅವರನ್ನು ಕಾಡಿತು.

"ಇಷ್ಟು ರಕ್ತ ಎಲ್ಲಿಂದಲೋ ಬಂದಿರಲೇಬೇಕಲ್ಲ," ಎನ್ನುತ್ತ ಗಾಯದ ಗುರುತಿನ ಮೇಲೆ ಬೆರಳಿಟ್ಟರು. "ಈ ಆಪರೇಷನ್ ಯಾಕಾಯ್ತು?"

ಸುಧನ್ವ ನನ್ನತ್ತ ನೋಡಿದ, ಆಮೇಲೆ ತಾಯಿಯತ್ತ. "ಚಿಕ್ಕೋನಿದ್ದಾಗ ಮರದಿಂದ ಬಿದ್ದಿದ್ದು, ಮೇಡಂ."

"ಹುಣಸೇಮರ," ಎಂದರು ಅತ್ತೆ.

"ಯಾವ ಮರ ಅಂತ ಬೇಡಮ್ಮ. ಒಳಗೆ ಏನು ಮಾಡಿದ್ರು?"

"ಹೊಲಿಗೆ ಹಾಕಿದ್ರು, ಅಷ್ಟೇ."

"ಹಾಗಾದ್ರೆ ನಾಳೆ ಇನ್ನೊಂದ್ಸಲ ನೋಡೋಣ," ಎಂದು ಅವರು ಹೊರಟರು.

"ಒಂದು ದೋಸೆ ತರಿಸೇ," ಎಂದ ಸುಧನ್ವ.

"ರಕ್ತ ಕಾರಿದೋರಿಗೆ ದೋಸೆ ಬೇಕಂತೆ!" ಎಂದೆ.

ಅವನು ನಗಲಿಲ್ಲ. ನೋವು ಬೆನ್ನಿಗೆ ಇಳಿಯುತ್ತಿದೆ ಎಂದ. ಹಣೆ ತಣ್ಣಗೆ ಬೆವರಿತ್ತು. ಅತ್ತೆ ಬಾಗಿಲಿಗೆ ಓಡಿ ಡಾಕ್ಟರನ್ನು ಕೂಗಿ ಕರೆದರು. ಆಮೇಲೆ ನನಗೆ, "ನೀನು ಸ್ವಲ್ಪ ಹೊರಗಿರು, ತಾಯಿ," ಎಂದರು.

"ಏನಿದ್ರೂ ನನ್ನ ಮುಂದೇನೇ ಹೇಳಿ, ಅತ್ತೆ."

ಅವರು ಗೋಡೆಯ ಕಡೆ ತಿರುಗಿದರು. "ಇವನು ಮರದಿಂದ ಬಿದ್ದಿಲ್ಲ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿತ್ತು. ಅದನ್ನ ಕತ್ತರಿಸಿ ಬೇರೆ ಕೊಳವೆ ಕೂರಿಸಿದಾರೆ. ಹೇಳಿದ್ರೆ ಹೆಣ್ಣು ಯಾರು ಕೊಡ್ತಿದ್ರು?"

ಡಾಕ್ಟರ್ ಆಗಲೇ ಶಸ್ತ್ರಚಿಕಿತ್ಸೆಯ ಕೋಣೆ ಸಿದ್ಧಮಾಡಲು ಕೂಗುತ್ತಿದ್ದರು. "ಆ ಕೊಳವೆ ಕರುಳಿಗೆ ಉಜ್ಜಿ ತೂತು ಬಿದ್ದಿರಬೇಕು. ಬೆಳಿಗ್ಗೆ ಬಂದಿದ್ದು ಬರೀ ಸೂಚನೆ. ಇನ್ನೊಂದ್ಸಲ ಬಂದ್ರೆ ನಿಲ್ಲಲ್ಲ. ಬೇಗ, ಬೇಗ!"

ಗಾಲಿಮಂಚ ಲಿಫ್ಟಿನವರೆಗೆ ಹೋಯಿತು. ಅಲ್ಲಿ ಇನ್ನೊಂದು ಸಲ ಬಂತು.

ವರ್ಷ ಕಳೆದ ಮೇಲೆ ಮೈದುನ ಶ್ರೀವತ್ಸನಿಗೆ ಹೆಣ್ಣು ನೋಡಲು ಹೊರಟಾಗ ಅತ್ತೆ ನನ್ನನ್ನೂ ಕರೆದರು. ಬೇಡವೆಂದೆ. ಕೇಳಲಿಲ್ಲ. ಹುಡುಗಿಯ ತಾಯಿ ಉಪ್ಪಿಟ್ಟಿನ ತಟ್ಟೆ ಕೈಗಿತ್ತಾಗ ಅತ್ತೆ ಮುಟ್ಟದೆ ಪಕ್ಕಕ್ಕಿಟ್ಟರು.

"ಮೊದಲು ಕೇಳಿಬಿಡಿ. ಇವನ ಅಣ್ಣ ಹೊಟ್ಟೆಯೊಳಗೆ ರಕ್ತನಾಳ ಒಡೆದು ತೀರಿಕೊಂಡ. ಇದು ಮನೆತನದಲ್ಲಿ ಬರಬಹುದಂತೆ. ಇವನಿಗೂ ಪರೀಕ್ಷೆ ಮಾಡಿಸಿದೀವಿ. ಸದ್ಯಕ್ಕೆ ಏನೂ ಇಲ್ಲ. ಮುಂದಿನದು ಗೊತ್ತಿಲ್ಲ."

ಹುಡುಗಿಯ ತಂದೆ ಹೆಂಡತಿಯ ಮುಖ ನೋಡಿದರು. ಅತ್ತೆ ತಟ್ಟೆ ಎತ್ತಿಕೊಂಡು, ತಣ್ಣಗಾಗುತ್ತಿದ್ದ ಉಪ್ಪಿಟ್ಟನ್ನು ಒಂದೊಂದೇ ತುತ್ತು ತಿನ್ನತೊಡಗಿದರು.