ಸಾರ್ವಜನಿಕರ ಬೆಂಚು

ಎಲ್ಲರೂ ಎದ್ದು ನಿಂತರು. ಸಿದ್ದಲಿಂಗಯ್ಯನವರು ಕೂತೇ ಇದ್ದರು.

"ಅಪ್ಪಾ, ಏಳ್ರಿ," ಎಂದು ಮಗಳು ಊರ್ಮಿಳಾ ತೋಳು ಹಿಡಿದೆಳೆದಳು. ಅಷ್ಟರಲ್ಲಿ ಜಡ್ಜ್ ಬಂದು ಕೂತಾಗಿತ್ತು. ನಲವತ್ತು ದಾಟಿರದ ಹೆಂಗಸು. ಕೋರ್ಟಿನ ಅಧಿಕಾರಿ ಇವರತ್ತ ನೋಡಿ, ಮುದುಕನಿಗೆ ಕಿವಿ ಮಂದ ಇರಬೇಕು ಎಂಬಂತೆ ಮುಖ ತಿರುಗಿಸಿದ.

ಕಿವಿ ಚೆನ್ನಾಗಿಯೇ ಇತ್ತು. ಮಗಳು ನೆಲೆಸಿದ ಈ ದೇಶದ ಗಡಿಯಾಚೆ, ಅಮೆರಿಕದಲ್ಲಿ ಅವರು ಮೊದಲು ವಕೀಲರು, ಆಮೇಲೆ ರಾಜ್ಯದ ಶಾಸಕರು, ಕೊನೆಗೆ ಜಡ್ಜ್. ಅವರು ಒಳಗೆ ಬಂದರೆ ಉಳಿದವರು ಏಳುತ್ತಿದ್ದರು. ಇನ್ನೊಬ್ಬರಿಗಾಗಿ ಏಳುವುದು ಮೈಗೆ ಮರೆತುಹೋಗಿತ್ತು.

ಮುಂದೆ ವಕೀಲನ ಪಕ್ಕದಲ್ಲಿ ಮೊಮ್ಮಗ ಕರಣ್. ಹೊಸ ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು. ಹೋದ ಚಳಿಗಾಲದಲ್ಲಿ ಪೋರ್ಟ್ ಕ್ರೆಡಿಟ್ ಎಂಬಲ್ಲಿನ ಪಾರ್ಟಿಯೊಂದರಿಂದ ಕುಡಿದು ಮರಳುವಾಗ, ರಸ್ತೆ ದಾಟುತ್ತಿದ್ದವನಿಗೆ ಕಾರು ಗುದ್ದಿಸಿದ್ದ. ಆ ಮನುಷ್ಯ ಬದುಕಿದ, ಎಡಗಾಲು ಹೋಯಿತು. ಕರಣ್ ತಪ್ಪು ಒಪ್ಪಿಕೊಂಡಿದ್ದ. ಇವತ್ತು ಶಿಕ್ಷೆ.

ಬ್ರಾಂಪ್ಟನ್‌ನ ಈ ಕೋರ್ಟಿಗೆ ಬರುವ ದಾರಿಯಲ್ಲಿ ಊರ್ಮಿಳಾ ಬಿಡದೆ ಕೇಳಿದ್ದಳು. "ನೀವು ಇಷ್ಟ್ ವರ್ಷ ಜಡ್ಜ್ ಇದ್ರಿ. ಏನಾಗ್ತದ ಹೇಳ್ರಲಾ."

"ಹೇಳ್ಲಿಕ್ಕೆ ಬರೂದಿಲ್ಲ."

ಹಿಂದಿನ ಸೀಟಿನಲ್ಲಿ ಕರಣ್ ಕಿಟಕಿಯಾಚೆ ನೋಡುತ್ತಲೇ, "ಅಜ್ಜಾ, ಡಿಡ್ ಯೂ ಎವರ್ ಲೆಟ್ ಎನಿಬಡಿ ಗೋ?" ಎಂದ.

"ಅಲ್ಲಿ ಕಾಯ್ದೆ ಬ್ಯಾರೆ."

ಸುಳ್ಳಲ್ಲ. ಆ ಕಾಯ್ದೆ ತಂದವರೇ ಅವರು. ನ್ಯಾಯ ಜಡ್ಜಿನ ಮನಸ್ಸಿನ ಮೇಲೆ ನಿಲ್ಲಬಾರದೆಂದು ಶಾಸನಸಭೆಯಲ್ಲಿ ಭಾಷಣ ಮಾಡಿ, ಕುಡಿದು ಗುದ್ದಿದವರಿಗೆಲ್ಲ ಒಂದೇ ಶಿಕ್ಷೆ ಎಂದು ಬರೆಸಿದ್ದರು. ಚಪ್ಪಾಳೆ ಬಿದ್ದಿತ್ತು. ಮುಂದೆ ಜಡ್ಜ್ ಆದಾಗ, ಕರಣ್ ವಯಸ್ಸಿನವರ ಎದುರು, ಕಾಯ್ದೆ ನನ್ನ ಕೈ ಕಟ್ಟಿಹಾಕಿದೆ ಎನ್ನುವುದು ಸಲೀಸಾಯಿತು. ಕಟ್ಟಿದವರು ಯಾರೆಂದು ಯಾರೂ ಕೇಳಲಿಲ್ಲ. ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು.

ವಕೀಲರ ವಾದ ಮುಗಿದಾಗ ಜಡ್ಜ್ ಪೆನ್ನು ಕೆಳಗಿಟ್ಟಳು. ಇಲ್ಲಿಯ ಕಾಯ್ದೆಯಲ್ಲಿ ಜೈಲೂ ಆಗಬಹುದು, ಮನೆಯಲ್ಲೇ ಬಂಧನವೂ ಆಗಬಹುದು. ನಾನಿನ್ನೂ ಯೋಚಿಸಬೇಕು, ಊಟದ ನಂತರ ಹೇಳುತ್ತೇನೆ ಎಂದಳು.

ಅವಳಿಗೆ ಕನಿಕರ ಹುಟ್ಟಲಿ ಎಂದು ಸಿದ್ದಲಿಂಗಯ್ಯನವರು ಅಂದುಕೊಂಡರು. ಮರುಕ್ಷಣವೇ ಹೆದರಿಕೆ. ರಾತ್ರಿ ಸರಿಯಾಗಿ ಮಲಗಿದ್ದಾಳೋ ಇಲ್ಲವೋ, ಬೆಳಿಗ್ಗೆ ಗಂಡನೊಡನೆ ಜಗಳವಾಡಿ ಬಂದಿದ್ದಾಳೋ. ಹುಡುಗನ ಬದುಕು ಯಾವುದರ ಮೇಲೆಲ್ಲ ನಿಂತಿದೆ!

ಜಡ್ಜ್ ಒಳಗೆ ಹೋಗಲು ಎದ್ದಾಗ, ಈ ಸಲ ಅವರು ಎಲ್ಲರಿಗಿಂತ ಮೊದಲು ಎದ್ದರು. ಆಚೆ ಬೆಂಚಿನಲ್ಲಿ ಒಬ್ಬ ಮಾತ್ರ ಏಳಲಿಲ್ಲ. ಅವನ ಊರುಗೋಲು ಗೋಡೆಗೆ ಒರಗಿತ್ತು. ಅತ್ತ ಮತ್ತೆ ನೋಡುವುದಾಗಲಿಲ್ಲ.

ಊರ್ಮಿಳಾ ಕರಣ್‌ನ ಬೆನ್ನು ಸವರುತ್ತ ಕಾರಿಡಾರಿಗೆ ನಡೆದಳು. ಜನರೂ ಹೋದರು. ಸಿದ್ದಲಿಂಗಯ್ಯನವರ ಕಾಲು ಮಾತ್ರ ಮೇಜುಗಳನ್ನು ದಾಟಿ, ಜಡ್ಜ್ ಹೋದ ಬಾಗಿಲಿನತ್ತ ಹೊರಟಿತು. ಅವಳಿಗೆ ಏನೋ ಹೇಳುವುದಿತ್ತು, ಏನೆಂದು ತಿಳಿದಿರಲಿಲ್ಲ.

"ಸರ್," ಎಂದು ಅಧಿಕಾರಿ ಹಿಂದಿನಿಂದ ಕರೆದ.

ಕೈ ಚಾಚಿದರು. ಈ ಬದಿಯಲ್ಲಿ ಆ ಬಾಗಿಲಿಗೆ ಹಿಡಿಯೇ ಇರಲಿಲ್ಲ. ಕತ್ತಲೆಯಲ್ಲಿ ದೀಪದ ಸ್ವಿಚ್ಚು ತಡಕುವವರಂತೆ ಅಂಗೈ ನುಣುಪು ಹಲಗೆಯ ಮೇಲೆ ಸರಿದಾಡುತ್ತಲೇ ಇತ್ತು.