ಕೆಂಚಿಯ ಗಡುವು

ಕುಲ್ಸುಮ್ ಬೀ ಹೆಬ್ಬೆರಳಿನಿಂದ ನಾಯಿಯ ಮೇಲ್ದುಟಿಯನ್ನು ಎತ್ತಿ ಒಸಡನ್ನು ಒತ್ತಿ ನೋಡಿದಳು. ಬೆರಳು ತೆಗೆದ ಮೇಲೂ ಅಲ್ಲಿ ಕೆಂಪು ಮರಳಲಿಲ್ಲ. ಒಗೆದೊಗೆದು ಸವೆದ ಬಿಳಿ ಬಟ್ಟೆಯ ಹಾಗೆ ಪೇಲವವಾಗಿತ್ತು. ಕಿವಿಯ ಒಳಮಡಿಕೆಯಲ್ಲಿ ಉಣ್ಣೆಹುಳುಗಳು ಗೊಂಚಲುಗಟ್ಟಿದ್ದವು. ಪಕ್ಕೆಲುಬು ಎಣಿಸುವಂತಿದ್ದರೂ ಹೊಟ್ಟೆ ಮಾತ್ರ ಉಬ್ಬಿತ್ತು. ನಾಯಿ ಮಿಸುಕದೆ ನಿಂತಿತ್ತು, ಆದರೆ ಕಣ್ಣೆಲ್ಲ ಓಣಿಯ ಕೊನೆಯಲ್ಲಿ ಹಾದುಹೋಗುತ್ತಿದ್ದ ಮೇಕೆಯ ಮೇಲಿತ್ತು.

"ಇದರ ಮೈಯಾಗ ಖೂನ್ ಇಲ್ಲ ಬೇಟಿ. ಹೊಟ್ಟಿ ತುಂಬ ಜಂತು ಅವ. ಉಣ್ಣಾಕ ಏನ್ ಹಾಕ್ತೀರಿ?"

"ಎಲ್ಲಾರೂ ಉಂಡು ಉಳಿದದ್ದು ಹಾಕ್ತೀವ್ರಿ ಬೀಬಿ," ಎಂದಳು ದ್ರೌಪತಿ. ನಾಯಿಯ ಬೆನ್ನು ಸವರಿ, "ಒಂದೊಂದ ದಿನ ಏನೂ ಉಳಿಯಂಗಿಲ್ಲ," ಎಂದು ಸೇರಿಸಿದಳು.

ದ್ರೌಪತಿ ನಾರಾಯಣಪುರದ ಕುರಿ ಕಾಯುವವರ ಮನೆಯ ಕಿರಿಯ ಸೊಸೆ. ಹೊತ್ತು ಮೂಡುವ ಮುಂಚೆಯೇ ಹೊರಟು, ನಾಯಿಯ ಕೊರಳಿಗೆ ಹಗ್ಗ ಕಟ್ಟಿಕೊಂಡು, ಕಲ್ಯಾಣಿ ಕೋಟೆಯ ಹಿಂದಿನ ಈ ಓಣಿಗೆ ನಡೆದು ಬಂದಿದ್ದಳು. ನವಾಬರ ದೊಡ್ಡ ಮನೆಯ ಬೇಟೆನಾಯಿಗಳನ್ನು ನೋಡಿಕೊಂಡಿದ್ದ ಸಿರಾಜುದ್ದೀನ್ ಸಾಹೇಬರ ಮನೆ ಯಾವುದೆಂದು ಕೇಳುತ್ತ ಬಂದವಳಿಗೆ ಅವರು ತೀರಿಕೊಂಡು ವರ್ಷವಾಯಿತೆಂದು ತಿಳಿದದ್ದು ಬಾಗಿಲಲ್ಲಿ ಅವರ ಹೆಂಡತಿ ಕುಲ್ಸುಮ್ ಬೀಯನ್ನು ಕಂಡ ಮೇಲೆಯೇ. ಆದರೂ ವಾಪಸು ಹೋಗಲಿಲ್ಲ. ಅಂಗಳದಲ್ಲಿ ಕೂತು, ಇದ್ದದ್ದನ್ನೆಲ್ಲ ಹೇಳಿದಳು.

ನಾಯಿಯ ಹೆಸರು ಕೆಂಚಿ. ಅದರ ತಾಯಿ ತೋಳದ ಬಾಯಿಂದ ಹಿಂಡನ್ನು ಉಳಿಸಲು ಹೋಗಿ ಸತ್ತಾಗ ಇದಿನ್ನೂ ಕಣ್ಣು ಬಿಟ್ಟಿರಲಿಲ್ಲ. ದ್ರೌಪತಿ ಅರಿವೆಯ ಚೂರನ್ನು ಮೇಕೆ ಹಾಲಲ್ಲಿ ಅದ್ದಿ ಚೀಪಿಸಿ, ಮಡಿಲಲ್ಲಿಟ್ಟು ಬೆಳೆಸಿದ್ದಳು. ಈಗ ಒಂದು ವರ್ಷದ ನಾಯಿ. ಕುರಿಮರಿಗಳನ್ನು ಕಂಡರೆ ಓಡಿಸುತ್ತದೆ, ಓಡಿದ್ದನ್ನು ಹಿಡಿಯುತ್ತದೆ. ಹದಿನೈದು ದಿನದಲ್ಲಿ ಎರಡು ಮರಿ ಸತ್ತಿದ್ದವು.

"ದೀಪಾವಳಿ ಅಮಾಸಿತನಕ ನೋಡ್ತೀನಿ, ಆಮ್ಯಾಲ ಕೊಡಲಿ ತಗೋತೀನಿ ಅಂದಾರ ನಮ್ಮ ಭಾವ. ಅವರದೇನೂ ತಪ್ಪಿಲ್ರಿ. ಕುರಿನೇ ನಮ್ಮ ಅನ್ನ." ದ್ರೌಪತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಆದ್ರ ಇದರ ಅವ್ವ ನಮ್ಮ ಕುರಿ ಸಲುವಾಗಿ ಸತ್ತದ. ಇದನ್ನ ನಾವು ಹ್ಯಾಂಗ ಕೊಲ್ಲೋದ್ರಿ?"

"ಕಲಿಸೋದು ನಮ್ಮ ಮನಿಯವರ ಕೆಲಸ ಇತ್ತು. ನಾ ಅಡಿಗಿ ಮಾಡಿ ಹಾಕಾಕಿ, ಅಷ್ಟ."

ಅದು ಸುಳ್ಳಲ್ಲ. ಇಪ್ಪತ್ತೆರಡು ವರ್ಷ ಕುಲ್ಸುಮ್ ಬೀ ಹದಿನಾಲ್ಕು ಬೇಟೆನಾಯಿಗಳಿಗೆ ಬೇಯಿಸಿ ಹಾಕಿದ್ದಳು. ಯಾವುದಕ್ಕೆ ಜೋಳದ ನುಚ್ಚು ಒಗ್ಗುತ್ತದೆ, ಯಾವುದಕ್ಕೆ ಅಕ್ಕಿಯೇ ಆಗಬೇಕು, ಬಸುರಿ ನಾಯಿಗೆ ಕೊನೆಯ ತಿಂಗಳು ಎಷ್ಟು ಎಲುಬಿನ ರಸ ಎಂಬುದೆಲ್ಲ ಅವಳ ಕೈಯಲ್ಲೇ ಇತ್ತು. ಆದರೆ ನಾಯಿಗಳು ಅಂಗಳಕ್ಕೆ ಇಳಿದ ಮೇಲೆ ಅವಳು ಅಡುಗೆಮನೆಯ ಕಿಟಕಿಯಾಚೆಗೆ ಬಂದವಳಲ್ಲ. ಅಲ್ಲಿ ಮಾತಾಡುವುದು ಸಿರಾಜುದ್ದೀನ್ ಒಬ್ಬರೇ. ದೊಡ್ಡ ಮನೆಯವರು ಮೋಟಾರು ಕೊಂಡು, ಕುದುರೆ ಮಾರಿ, ಕೊನೆಗೆ ನಾಯಿಗಳನ್ನೂ ಹೈದರಾಬಾದಿಗೆ ಕಳಿಸಿಕೊಟ್ಟ ಮೇಲೆ ಸಿರಾಜುದ್ದೀನ್ ಹೆಚ್ಚು ದಿನ ಬದುಕಲಿಲ್ಲ.

ಬಾಗಿಲ ಪಕ್ಕದಲ್ಲಿ ಕಟ್ಟಿಟ್ಟ ಗಂಟಿತ್ತು. ಅವಳನ್ನು ತನ್ನ ಮನೆಯಲ್ಲೇ ಇಟ್ಟುಕೊಳ್ಳಲು ಶುಕ್ರವಾರ ಹುಮನಾಬಾದಿನಿಂದ ಅವಳ ತಮ್ಮ ಯುನೂಸ್ ಗಾಡಿ ತರುವವನಿದ್ದ. ತಮ್ಮ ಒಳ್ಳೆಯವನು. ಅವನ ಹೆಂಡತಿ ಅಸ್ಗರಿಯೂ ಕೆಟ್ಟವಳಲ್ಲ. ಆದರೆ ಹೋದ ಸಲ ಕುಲ್ಸುಮ್ ಬೀ ರೊಟ್ಟಿಯ ಹಿಟ್ಟು ನಾದಲು ಕೂತಾಗ ಪರಾತವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, "ನೀವ್ಯಾಕ ಆಪಾ, ಕೂತಕೊಳ್ರಿ," ಎಂದಿದ್ದಳು. ನಾಯಿಗೆ ಬಡಿಸಿದ ಕೈ ಎಂದು ಬಾಯಿಬಿಟ್ಟು ಹೇಳಲಿಲ್ಲ. ಕುಲ್ಸುಮ್ ಬೀ ನಾಯಿಗಳ ಕೆಲಸಕ್ಕೆ ಬೇರೆ ಸೀರೆಯನ್ನೇ ಇಟ್ಟುಕೊಂಡಿದ್ದವಳು, ಮಿಂದು ಬಟ್ಟೆ ಬದಲಿಸದೆ ಒಂದು ಹೊತ್ತಿನ ನಮಾಜಿಗೂ ನಿಂತವಳಲ್ಲ. ಅದನ್ನೆಲ್ಲ ಯಾರಿಗೆ ವಿವರಿಸುವುದು?

ಅವಳು ಕೆಂಚಿಯ ಕಿವಿಯಿಂದ ಒಂದು ಉಣ್ಣೆ ಕಿತ್ತು ಕಲ್ಲಿನ ಮೇಲೆ ಉಗುರಿನಿಂದ ಹಿಸುಕಿದಳು.

"ಎಂಟು ದಿನ ಇಲ್ಲಿ ಬಿಟ್ಟು ಹೋಗು. ಆಮ್ಯಾಲ ನಾನೇ ನಿಮ್ಮ ಹಟ್ಟಿಗಿ ಕರಕೊಂಡು ಬರ್ತೀನಿ. ನೋಡೂಣು."

ಮರುದಿನ ಬರಿ ಹೊಟ್ಟೆಯಲ್ಲಿ ಅಡಿಕೆ ಪುಡಿಯನ್ನು ತುಪ್ಪದಲ್ಲಿ ಕಲಸಿ ನುಂಗಿಸಿದಳು. ಹೊತ್ತೇರಿದ ಮೇಲೆ ಔಡಲೆಣ್ಣೆ. ಸಂಜೆಯ ಹೊತ್ತಿಗೆ ಕೆಂಚಿಯ ಹೊಟ್ಟೆಯಿಂದ ಬಿದ್ದ ಜಂತುಗಳನ್ನು ಕಂಡು, ಇಷ್ಟನ್ನು ಹೊತ್ತುಕೊಂಡು ಇದು ಹೇಗೆ ಓಡಾಡುತ್ತಿತ್ತೋ ಎಂದು ಮರುಗಿದಳು. ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿದಳು. ಬೇವಿನ ಎಲೆ ಕುದಿಸಿದ ನೀರಲ್ಲಿ ಮೈ ತೊಳೆದು, ಕಿವಿಗೆ ಬೇವಿನ ಎಣ್ಣೆ ಹಚ್ಚಿದಳು.

ಆದರೆ ಮೂರನೆಯ ದಿನ ಅವಳೇ ತಪ್ಪು ಮಾಡಿದಳು. ಬಹಳ ದಿನಗಳ ಮೇಲೆ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟ ಹುರುಪಿನಲ್ಲಿ, ಕಸಾಯಿ ಮಹೆಬೂಬನಿಂದ ಕುರಿಯ ಕಾಲು ತರಿಸಿ, ಬೇಟೆನಾಯಿಗೆ ಹಾಕುವ ಅಳತೆಯಲ್ಲೇ ಜಿಡ್ಡು ರಸವನ್ನು ಸುರಿದಳು. ಒಣ ರೊಟ್ಟಿಯ ಮೇಲೆ ಬೆಳೆದ ಹೊಟ್ಟೆ ಅದನ್ನು ತಾಳಲಿಲ್ಲ. ಎರಡು ದಿನ ಕೆಂಚಿ ಭೇದಿಯಿಂದ ಎದ್ದೇಳಲಿಲ್ಲ. ಕುಲ್ಸುಮ್ ಬೀ ಪಕ್ಕದಲ್ಲೇ ಕೂತು ಗಂಜಿಯ ತಿಳಿಗೆ ಚಿಟಿಕೆ ಉಪ್ಪು ಹಾಕಿ ಅಂಗೈಯಲ್ಲಿ ನೆಕ್ಕಿಸಿದಳು. ಆಮೇಲೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಆಮೇಲೆ ಅಂಬಲಿಯಲ್ಲಿ ನಾಲ್ಕು ಚೂರು ಬೇಯಿಸಿದ ಕಲೇಜಿ, ಕುರಿಯ ಈಲಿಯ ಮಾಂಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ. ಬಟ್ಟಲು ಬರುತ್ತದೆ ಎಂಬ ನಂಬಿಕೆ ಹುಟ್ಟಿದ ಮೇಲೆ ಕೆಂಚಿ ಓಣಿಯ ಮೇಕೆಗಳತ್ತ ನೋಡುವುದು ಕಡಿಮೆಯಾಯಿತು.

ಕಲಿಸುವುದು ಮಾತ್ರ ಹತ್ತಲಿಲ್ಲ. ಬಟ್ಟಲನ್ನು ನೆಲಕ್ಕಿಟ್ಟು ಕುಲ್ಸುಮ್ ಬೀ ಗಂಡನಂತೆಯೇ "ಠೈರ್" ಎಂದಳು. ಕೆಂಚಿ ಬಟ್ಟಲಿಗೆ ಬಾಯಿ ಹಾಕಿತು. ಜೋರಾಗಿ ಅಂದಳು. ಕೆಂಚಿ ಬಾಲ ಮಡಚಿ ಮೂಲೆ ಸೇರಿತು. ದೊಡ್ಡ ಮನೆಯ ನಾಯಿಗಳು ಹುಟ್ಟಿನಿಂದ ಕೇಳಿದ ಉರ್ದು ಮಾತು ಅದು. ಈ ನಾಯಿ ದ್ರೌಪತಿಯ ಮಡಿಲಲ್ಲಿ, ಅವಳ ಕನ್ನಡ ಕೇಳಿ ಬೆಳೆದದ್ದು. ಇದು ಹೊಳೆಯಲು ಕುಲ್ಸುಮ್ ಬೀಗೆ ಒಂದು ಇಡೀ ದಿನ ಬೇಕಾಯಿತು.

ಅವಳು ಕಣ್ಣು ಮುಚ್ಚಿ ಕಿಟಕಿಯಾಚೆಯ ಆ ಅಂಗಳವನ್ನು ನೆನೆದಳು. ಸಿರಾಜುದ್ದೀನ್ ಎಂದಾದರೂ ಕೂಗಿದ್ದುಂಟೆ? ಇಲ್ಲ. ಅವರು ಬಟ್ಟಲ ಮೇಲೆ ಅಂಗೈ ಹಿಡಿದು, ಮೊಣಕಾಲೂರಿ, ಕಾಯುತ್ತಿದ್ದರು. ಎಷ್ಟು ಹೊತ್ತೆಂದರೆ ಒಲೆಯ ಮೇಲಿನ ಹಾಲು ಉಕ್ಕಿ ಅವಳು ಬೈದುಕೊಳ್ಳುವಷ್ಟು ಹೊತ್ತು. ಮರುದಿನ ಅವಳೂ ಮೊಣಕಾಲೂರಿದಳು. ಬಟ್ಟಲ ಮೇಲೆ ಅಂಗೈ ಹಿಡಿದು, ದ್ರೌಪತಿ ಆಡುವ ಕನ್ನಡದಲ್ಲೇ ಮೆಲ್ಲಗೆ "ನಿಲ್ಲು" ಎಂದಳು. ಕೆಂಚಿ ಅಂಗೈಯನ್ನು ಮೂಸಿತು, ನೆಕ್ಕಿತು, ಕುಂಯ್‌ಗುಟ್ಟಿತು. ಕೊನೆಗೆ ಬೇಸತ್ತು ಹಿಂಗಾಲ ಮೇಲೆ ಕೂತು ಅವಳ ಮುಖವನ್ನೇ ನೋಡಿತು. ಅವಳು ಕೈ ತೆಗೆದು, "ತಿನ್ನು ಮಗಾ," ಎಂದಳು.

ಏಳಲು ಹೋದರೆ ಮೊಣಕಾಲು ಹಿಡಿದಿತ್ತು. ಗೋಡೆಗೆ ಒರಗಿ, ನಾಯಿ ತಿನ್ನುವ ಸದ್ದನ್ನು ಕೇಳುತ್ತ ಕೂತಳು. ಇಪ್ಪತ್ತೆರಡು ವರ್ಷದ ವಿದ್ಯೆಯನ್ನು ಗಂಡ ಯಾರಿಗೂ ಕಲಿಸಿ ಹೋಗಲಿಲ್ಲ ಎಂದುಕೊಂಡಿದ್ದಳು. ಅಡುಗೆಮನೆಗೆ ಆ ಕಿಟಕಿಯನ್ನು ಇಟ್ಟವರು ಯಾರೋ ಗೊತ್ತಿಲ್ಲ. ಅವರಿಗೂ ಸೇರಿಸಿ ಮನಸ್ಸಿನಲ್ಲೇ ದುವಾ ಮಾಡಿದಳು.

ಶುಕ್ರವಾರ ಯುನೂಸ್ ಗಾಡಿ ತಂದಾಗ ಅಕ್ಕ ಹಿತ್ತಲಲ್ಲಿ ಉದ್ದ ಹಗ್ಗ ಹಿಡಿದು ನಾಯಿಯನ್ನು ಕರೆಯುತ್ತಿದ್ದಳು. ಬಂದರೆ ಒಂದು ಚೂರು ಕಲೇಜಿ, ಬಾರದಿದ್ದರೆ ಏನೂ ಇಲ್ಲ. ಅವನು ಬಹಳ ಹೊತ್ತು ನಿಂತು ನೋಡಿದ.

"ಆಪಾ, ಭಾಯಿಸಾಬ್ ಹಿಂಗ ನಿಲ್ತಿದ್ರು," ಎಂದ, ತೀರಿಕೊಂಡ ಸಿರಾಜುದ್ದೀನರನ್ನು ನೆನೆದು. ಗಂಟನ್ನು ಗಾಡಿಗೆ ಹೇರಲಿಲ್ಲ. "ಯಾವಾಗ ಬರಬೇಕು ಅನಸ್ತದ, ಹೇಳಿ ಕಳಸು," ಎಂದು ಹೇಳಿ, ಚಹಾ ಕುಡಿದು, ಖಾಲಿ ಗಾಡಿಯಲ್ಲೇ ಹುಮನಾಬಾದಿಗೆ ಮರಳಿದ.

ಒಂಬತ್ತನೆಯ ದಿನ ಕುಲ್ಸುಮ್ ಬೀ ಕೆಂಚಿಯೊಂದಿಗೆ ನಾರಾಯಣಪುರದ ಹೊರಗಿದ್ದ ಹಟ್ಟಿಗೆ ಬಂದಳು. ದ್ರೌಪತಿ ತನ್ನ ಗುಡಿಸಲಿನ ಅರ್ಧವನ್ನು ಸಾರಿಸಿ ಬಿಟ್ಟುಕೊಟ್ಟಳು. ಭಾವ ಮಚ್ಚೇಂದ್ರ ಎತ್ತರದ, ಮಾತು ಕಡಿಮೆಯ ಮನುಷ್ಯ. ತಮ್ಮನ ಹೆಂಡತಿಯೊಂದಿಗೆ ನೇರವಾಗಿ ಮಾತಾಡುವ ರೂಢಿಯಿಲ್ಲದ್ದರಿಂದ ಅವಳಿಗೆ ಹೇಳಬೇಕಾದ್ದನ್ನೆಲ್ಲ ಅತ್ತ ಮುಖ ತಿರುಗಿಸಿ ಕುರಿಗಳಿಗೆ ಹೇಳುತ್ತಿದ್ದ. "ಅಮಾಸಿ ಅಂದ್ರ ಅಮಾಸಿನೇ," ಎಂದು ಕುರಿಗಳಿಗೆ ಹೇಳಿದ.

ಮೊದಲೆರಡು ದಿನ ಹಗ್ಗ ಹಿಡಿದು ಹಿಂಡಿನ ಸುತ್ತ ನಡೆಸಿದ್ದಾಯಿತು. ಮರಿ ಓಡಿದರೆ "ನಿಲ್ಲು", ನಿಂತರೆ ಕಲೇಜಿ. ಮೂರನೆಯ ದಿನ ಬಿಸಿಲಿಗೆ ಕುಲ್ಸುಮ್ ಬೀಗೆ ಜೊಂಪು ಹತ್ತಿ ಹಗ್ಗ ಸಡಿಲಾಯಿತು. ಒಂದು ಮರಿ ಜಿಗಿದು ಓಡಿತು, ಕೆಂಚಿ ಬೆನ್ನು ಹತ್ತಿತು. ಎಲ್ಲರೂ ಓಡಿ ಬಿಡಿಸುವಷ್ಟರಲ್ಲಿ ಮರಿಯ ತೊಡೆಯಿಂದ ರಕ್ತ ಇಳಿಯುತ್ತಿತ್ತು. ಮಚ್ಚೇಂದ್ರ ಗುಡಿಸಲೊಳಗಿಂದ ಕೊಡಲಿ ತಂದ.

ಕುಲ್ಸುಮ್ ಬೀ ನಾಯಿಯ ಮುಂದೆ ನಿಂತಳು. ಅವಳ ಎತ್ತರ ಅವನ ಎದೆಗೂ ಬರುತ್ತಿರಲಿಲ್ಲ.

"ನಿದ್ದಿ ಮಾಡಿದಾಕಿ ನಾನು. ಹಗ್ಗ ನನ್ನ ಕೈಯಾಗಿತ್ತು. ಕೇಳೋದಿದ್ರ ನನ್ನ ಕೇಳ್ರಿ."

"ಮರಿ ಸತ್ರ, ಬೀಬಿ?"

"ಸಾಯಂಗಿಲ್ಲ. ನಾ ನೋಡ್ತೀನಿ. ಅಮಾಸಿಗಿ ಇನ್ನ ನಾಕ ದಿನ ಅದ. ಮಾತು ಕೊಟ್ಟೀರಿ."

ಅವನು ಕೊಡಲಿಯನ್ನು ಇಳಿಸಿದ, ಒಳಗೆ ಒಯ್ಯಲಿಲ್ಲ; ಗುಡಿಸಲಿನ ಗೋಡೆಗೆ ಎಲ್ಲರಿಗೂ ಕಾಣುವಂತೆ ಒರಗಿಸಿದ. ಕುಲ್ಸುಮ್ ಬೀ ಗಾಯವನ್ನು ಉಪ್ಪುನೀರಲ್ಲಿ ತೊಳೆದು ಅರಿಸಿನ ಒತ್ತಿ ಕಟ್ಟಿದಳು.

ಅಂದು ಸಂಜೆ ದಾರಿ ತೋರಿಸಿದವಳು ದ್ರೌಪತಿ. "ಬೀಬಿ, ಇದಕ್ಕ ಮಂದಿ ಗೊತ್ತದ, ಕುರಿ ಗೊತ್ತಿಲ್ಲ. ನಾ ಮಡಲಾಗ ಇಟ್ಟಿದ್ದೇ ತಪ್ಪಾತು. ಮುದಿ ಕುರಿ ಸಂಗಾಟ ಬಿಡೂಣ್ರಿ?"

ಹಿಂಡಿನಲ್ಲಿ ಒಂದು ಹಳೆಯ ಕುರಿಯಿತ್ತು. ತೋಳಕ್ಕೂ ಹಣೆ ಕೊಟ್ಟು ನಿಲ್ಲುವಂಥ ಗಟ್ಟಿಗಿತ್ತಿ. ಅದನ್ನೂ ಕೆಂಚಿಯನ್ನೂ ಮುಳ್ಳುಬೇಲಿಯ ಒಂದು ಸಣ್ಣ ದೊಡ್ಡಿಯೊಳಗೆ ಕೂಡಿದರು. ಕೆಂಚಿ ಆಟಕ್ಕೆಂದು ಮುಂಗಾಲು ಚಾಚಿ ಬೊಗಳಿತು. ಮುದಿ ಕುರಿ ಎರಡು ಹೆಜ್ಜೆ ಹಿಂದೆ ಸರಿದು ಬಂದು ಗುಮ್ಮಿದ ರಭಸಕ್ಕೆ ಕೆಂಚಿ ಉರುಳಿ ಬೇಲಿಗೆ ಬಿತ್ತು. ಮತ್ತೊಮ್ಮೆ ಪ್ರಯತ್ನಿಸಿತು, ಮತ್ತೊಮ್ಮೆ ಬಿತ್ತು. ದೂರದಲ್ಲಿ ಕೂತು ನೋಡುತ್ತಿದ್ದ ಮಚ್ಚೇಂದ್ರ ಮೀಸೆಯಲ್ಲೇ ನಕ್ಕದ್ದನ್ನು ಕುಲ್ಸುಮ್ ಬೀ ಕಂಡಳು. ಮೂರು ದಿನಕ್ಕೆ ಕೆಂಚಿ ಮುದಿ ಕುರಿಯ ಬೆನ್ನಿಗೆ ಬೆನ್ನು ತಾಗಿಸಿ ಮಲಗುವುದನ್ನು ಕಲಿಯಿತು. ಆ ಮೂರು ದಿನವೂ ಬಟ್ಟಲನ್ನು ಅವಳು ದೊಡ್ಡಿಯೊಳಗೇ, ಕುರಿಯ ಪಕ್ಕದಲ್ಲೇ ಇಟ್ಟಳು. ಗಾಯಗೊಂಡ ಮರಿಯೂ ಕುಂಟುತ್ತ ಮೇಯತೊಡಗಿತು.

ಅಮಾವಾಸ್ಯೆಯ ಬೆಳಗು. ಹಟ್ಟಿಯ ಹೆಂಗಸರು ಹಬ್ಬಕ್ಕೆ ನೆಲ ಸಾರಿಸುತ್ತಿದ್ದರು. ಮಚ್ಚೇಂದ್ರ ತಾನೇ ಹೋಗಿ ದೊಡ್ಡಿಯ ಬಾಯಿ ತೆಗೆದು, ಕೆಂಚಿಯ ಕೊರಳ ಹಗ್ಗ ಬಿಚ್ಚಿದ. "ನಡಿ," ಎಂದ. ಕೆಂಚಿ ಮೈ ಕೊಡವಿ ಹಿಂಡಿನ ನಡುವೆ ನಡೆದು, ಒಂದು ಕಡೆ ಮಲಗಿತು. ಕುಲ್ಸುಮ್ ಬೀ, ದ್ರೌಪತಿ ಇಬ್ಬರೂ ಬೇಲಿಯ ಹೊರಗೆ ನಿಂತರು.

ಆ ಹೊತ್ತಿಗೇ ಒಂದು ಕುರಿ ಈದಿತು. ಅದಕ್ಕೆ ಅದು ಮೊದಲ ಸೂಲು. ಏನಾಯಿತೆಂದು ತಿಳಿಯದೆ ಗಾಬರಿಯಾಗಿ ದೂರ ಸರಿಯಿತು. ಮೈಯಿನ್ನೂ ತೊಯ್ದಿದ್ದ ಮರಿ ನಾಲ್ಕು ಸಲ ಬಿದ್ದು ಎದ್ದು, ಹತ್ತಿರದಲ್ಲಿ ಕಂಡ ಬೆಚ್ಚನೆಯ ಮೈಯ ಕಡೆ ತತ್ತರಿಸುತ್ತ ನಡೆಯಿತು. ಅದು ಕೆಂಚಿಯ ಹೊಟ್ಟೆ. ಮರಿ ಅಲ್ಲಿ ಮೂತಿಯಿಟ್ಟು ಮೊಲೆ ಹುಡುಕತೊಡಗಿತು.

ಕೆಂಚಿ ತಲೆಯೆತ್ತಿತು. ಕುಲ್ಸುಮ್ ಬೀಯ ನಾಲಿಗೆಯ ತುದಿಗೆ "ನಿಲ್ಲು" ಬಂದು ನಿಂತಿತ್ತು. ಅವಳು ಅದನ್ನು ಆಡಲಿಲ್ಲ. ದ್ರೌಪತಿ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

ಕೆಂಚಿ ಮರಿಯ ತಲೆಯನ್ನು ಮೂಸಿತು. ಆಮೇಲೆ ಅದರ ಮೂಗಿನ ಮೇಲಿದ್ದ ಲೋಳೆಯನ್ನು ನೆಕ್ಕಿತು; ಕಿವಿ, ಕೊರಳು, ಬೆನ್ನು, ನಿಧಾನವಾಗಿ. ಮರಿ ನಡುಗುವುದನ್ನು ನಿಲ್ಲಿಸುವ ಹೊತ್ತಿಗೆ ತಾಯಿ ಕುರಿ ಅರಚುತ್ತ ಹಿಂದಿರುಗಿ ಬಂತು. ಕೆಂಚಿ ಎದ್ದು ಜಾಗ ಬಿಟ್ಟು, ಎರಡು ಮಾರು ದೂರದಲ್ಲಿ ಮತ್ತೆ ಮಲಗಿತು.

ಮಚ್ಚೇಂದ್ರ ರುಮಾಲು ಸರಿಮಾಡಿಕೊಂಡು ಕುಲ್ಸುಮ್ ಬೀಯ ಹತ್ತಿರ ಬಂದ.

"ಬೀಬಿ, ಬೇಮಳಖೇಡದಾಗ ನಮ್ಮ ಬೀಗರದೊಂದ ನಾಯಿ ಅದರಿ. ಮಂದಿನ್ನ ಕಡೀತದ ಅಂತ ಕಟ್ಟೇ ಹಾಕ್ಯಾರ. ನೀವು ಒಂದ ಸಲ ನೋಡಿದ್ರ..."

"ಏನ್ ಉಣ್ಣಾಕ ಹಾಕ್ತಾರ, ಅದನ್ನ ಮೊದಲು ಕೇಳಿಕೊಂಡು ಬರ್ರಿ," ಎಂದಳು ಕುಲ್ಸುಮ್ ಬೀ.

ಅವನು ತಲೆಯಾಡಿಸಿ, ಅಲ್ಲಿಂದಲೇ ಅತ್ತ ತಿರುಗಿ ಕುರಿಗಳಿಗೆ ಹೇಳಿದ: "ಬೀಬಿಯವರು ಹಬ್ಬ ಉಂಡೇ ಹೋಗ್ಬೇಕು."

ಹಟ್ಟಿಯಲ್ಲಿ ಅದಾಗಲೇ ನಾಲ್ಕಾರು ಕುರಿ ಈದಿದ್ದವು. ದ್ರೌಪತಿ ಮರಿಗಳು ಕುಡಿದು ಉಳಿದ ಹೊಸ ಹಾಲಿಗೆ ಬೆಲ್ಲ ಹಾಕಿ ಗಿಣ್ಣ ಕಾಸಿದಳು. ಮುತ್ತುಗದ ಎಲೆಯ ಮೇಲೆ ಬಿಸಿ ಗಿಣ್ಣದ ದೊಡ್ಡ ತುಂಡೊಂದನ್ನು ಇಟ್ಟು, ಮೊದಲು ಕುಲ್ಸುಮ್ ಬೀಗೆ ಕೊಟ್ಟಳು. ಕುಲ್ಸುಮ್ ಬೀ ಕೈ ತೊಳೆದು, ಗುಡಿಸಲ ಮುಂದಿನ ಕಲ್ಲಿನ ಮೇಲೆ ಕೂತು, ಒಂದು ಚೂರು ಮುರಿದು ಬಾಯಿಗಿಟ್ಟಳು. ಎಲೆಯಿಂದ ಆವಿ ಏಳುತ್ತಿತ್ತು. ಬಿಸಿಲು ಆಗತಾನೆ ಕುರಿಗಳ ಬೆನ್ನಿಗೆ ಬಂದಿತ್ತು.