ಮೇಷ್ಟ್ರ ಪುಡಿ

ನನ್ನ ಗಂಡ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವರು. ನಿವೃತ್ತರಾದ ಮೇಲೆ ಕೇಳುವವರು ಯಾರೂ ಸಿಗದೆ, ಹಿತ್ತಲಿನಲ್ಲಿದ್ದ ನನ್ನ ಐದು ಕೋಳಿಗಳ ಬೆನ್ನು ಬಿದ್ದರು.

ಅವುಗಳಲ್ಲೊಂದಾದ ಕೆಂಪಿಯ ಮೊಟ್ಟೆಯ ಸಿಪ್ಪೆ ಆಗಷ್ಟೇ ತೆಳುವಾಗತೊಡಗಿತ್ತು. ಒಂದು ಬೆಳಿಗ್ಗೆ ಗೂಡಿಗೆ ಕೈ ಹಾಕಿದರೆ ಬೆರಳು ಸೀದಾ ಲೋಳೆಯೊಳಗೆ ಇಳಿಯಿತು.

“ಕ್ಯಾಲ್ಸಿಯಂ ಕೊರತೆ,” ಎಂದರು, ಪಕ್ಕದ ಮನೆಗೂ ಕೇಳುವಂತೆ. “ಸಿಪ್ಪೆ ಅಂದ್ರೇನೇ ಕ್ಯಾಲ್ಸಿಯಂ. ಸಿಪ್ಪೆನೇ ತಿನ್ನಿಸಿದ್ರಾಯ್ತು.”

ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಾಗುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಮನೆಯಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯನ್ನೆಲ್ಲ ನನ್ನ ಮಿಕ್ಸಿಗೆ ಸುರಿದು, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ದಿನಾ ಬೆಳಿಗ್ಗೆ ಮೇವಿಗೆ ಬೆರೆಸತೊಡಗಿದರು. ಬೆರೆಸುತ್ತಾ ಕೋಳಿಗಳಿಗೆ ಅದರ ಮಹತ್ವ ವಿವರಿಸುತ್ತಿದ್ದರು. ಅವಕ್ಕೆ ಎದ್ದು ಹೋಗುವ ಸ್ವಾತಂತ್ರ್ಯವಿತ್ತು; ಹೋಗುತ್ತಿದ್ದವು.

ಮೂರು ವಾರವಾದರೂ ಸಿಪ್ಪೆ ಗಟ್ಟಿಯಾಗಲಿಲ್ಲ. ತಪ್ಪು ಪುಡಿಯದ್ದಾಗಿರಲು ಸಾಧ್ಯವೇ?

“ಕೆಂಪಿಗೆ ವಯಸ್ಸಾಯ್ತು ಕಣೇ,” ಎಂದರು ತಟ್ಟೆಯಿಂದ ತಲೆಯೆತ್ತದೆ. “ವಯಸ್ಸಾದ್ಮೇಲೆ ಎಷ್ಟು ತಿನ್ನಿಸಿದ್ರೂ ದಂಡ. ಬರೋ ಭಾನುವಾರ ಸಾರು ಮಾಡ್ಬಿಡು.”

ನನಗೆ ಐವತ್ತೆರಡು. ಮೂಳೆ ಸವೆದಿದೆಯೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಯ ಡಬ್ಬಿ ಅವರ ತಟ್ಟೆಯ ಪಕ್ಕದಲ್ಲೇ ಇತ್ತು. ಅದು ಯಾರದೆಂದು ಅವರು ಇದುವರೆಗೂ ಕೇಳಿರಲಿಲ್ಲ.

ಮರುದಿನ, ಸೋಮವಾರ, ಮೇವಿನ ಅಂಗಡಿಗೆ ಹೋದೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅಂಗಡಿಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಕ್ಕಾ, ಮೇಷ್ಟ್ರು ಕೋಳಿಗೆ ಮೇಕಪ್ ಮಾಡ್ತಿದ್ದಾರಾ? ನುಣ್ಣನೆ ಪುಡಿ ತಿಂದಷ್ಟೇ ಬೇಗ ಹೊರಗೆ ಹೋಗುತ್ತೆ. ಸಿಪ್ಪೆ ಕಟ್ಟೋದು ರಾತ್ರಿ. ಸಂಜೆ ದಪ್ಪ ಚೂರು ತಿಂದ್ರೆ ಒಳಗೇ ಕೂತು ನಿಧಾನಕ್ಕೆ ಕರಗುತ್ತೆ.” ಕಪ್ಪೆಚಿಪ್ಪಿನ ಚೂರು ಕಟ್ಟಿಕೊಡುತ್ತಾ ಅಂದಳು, “ಸಿಗ್ಲಿಲ್ಲ ಅಂತ ಕೋಳಿ ಸುಮ್ನಿರಲ್ಲ ಅಕ್ಕಾ. ತನ್ನ ಮೂಳೆಯಿಂದಾನೇ ತೆಗೆದು ಮೊಟ್ಟೆಗೆ ಹಾಕುತ್ತೆ.”



ಮನೆಗೆ ಬಂದು ಮೇವಿನ ತೊಟ್ಟಿ ಬಗ್ಗಿಸಿ ನೋಡಿದೆ. ಕಾಳೆಲ್ಲ ಖಾಲಿ, ತಳದಲ್ಲಿ ಬೆರಳು ದಪ್ಪ ಬಿಳಿ ಪುಡಿ. ಕೋಳಿಗಳು ಆರಿಸಿ ತಿಂದು, ಅವರ ವಿದ್ಯೆಯನ್ನು ಹಾಗೇ ಬಿಟ್ಟಿದ್ದವು. ಸಂಜೆ ಬೇರೆ ಬಟ್ಟಲಲ್ಲಿ ಚಿಪ್ಪಿನ ಚೂರು ಇಟ್ಟೆ. ಕೆಂಪಿ ಉಳಿದ ನಾಲ್ಕನ್ನೂ ತಳ್ಳಿಕೊಂಡು ಬಂದು ಟಕಟಕನೆ ಕುಕ್ಕಿತು. ದಿನಾ ಸಂಜೆ ಹಾಗೇ ಇಟ್ಟೆ. ಅವರು ಆ ಹೊತ್ತಿನಲ್ಲಿ ಟಿ.ವಿ.ಯವರಿಗೆ ಬುದ್ಧಿ ಹೇಳುತ್ತಿರುತ್ತಾರೆ.

ಭಾನುವಾರ ಬೆಳಿಗ್ಗೆ ಗೂಡಿನಿಂದ ಕೆಂಪಿಯ ಮೊಟ್ಟೆ ತಂದು ಅವರೆದುರೇ ಮೇಜಿಗೆ ಮೆಲ್ಲಗೆ ತಟ್ಟಿದೆ. ಬಿರುಕು ಕೂಡ ಬಿಡಲಿಲ್ಲ.

“ನೋಡಿದ್ಯಾ?” ಕುರ್ಚಿಯಿಂದಲೇ ಎದ್ದುಬಿಟ್ಟರು. “ನನ್ನ ಪುಡಿ! ನಿಂಗೆ ತಾಳ್ಮೆನೇ ಇಲ್ಲ.”

“ಹಾಗಾದ್ರೆ ಸಾರು ಬೇಡ ತಾನೇ?”

“ಇಂಥ ಕೋಳೀನ ಯಾರಾದ್ರೂ ಕೊಯ್ತಾರಾ, ಪೆದ್ದಿ!”

ನಾನು ತಿದ್ದಲಿಲ್ಲ. ತಿದ್ದಬೇಕಾದರೆ ಒಬ್ಬರ ಮೇಲೆ ಒಂದಿಷ್ಟಾದರೂ ಗೌರವ ಉಳಿದಿರಬೇಕು.

ಅವರು ಪುಡಿಯ ಡಬ್ಬಿ ಹಿಡಿದು ಪಕ್ಕದ ಮನೆಗೆ ಪಾಠ ಹೇಳಲು ಹೊರಟರು. ನಾನು ಮಾತ್ರೆ ನುಂಗಿ, ಆ ಮೊಟ್ಟೆ ಬೇಯಿಸಿ, ಒಬ್ಬಳೇ ಕೂತು ಪೂರ್ತಿ ತಿಂದೆ.